ಅವಳ ಕೈಯ ಚಹಾ

ಕುದಿನೀರನ್ನು ಪಿಂಗಾಣಿಯ ಟೀ ಪಾಟಿಗೆ ಸುರಿದು, ಒಳಗೆಲ್ಲ ಬೆಚ್ಚಗಾಗುವಂತೆ ಕುಲುಕಿ, ಚೆಲ್ಲಿದ ಮೇಲೆ ಕಿರಿಮಗಳಿಗೆ ನೆನಪಾಯಿತು: ಕುಡಿಯುವ ಅಪ್ಪನೇ ಇಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದವರು ನಡುಮನೆಯಲ್ಲಿ ಕೂತಿದ್ದರು. ಸಂಜೆಯಾಗಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿಬಿಟ್ಟಿತ್ತು.

ಅಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅದರ ಪಕ್ಕದ ದರ್ಜಿ ನೀರು ಕೇಳಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ತೆರೆದಿದ್ದ ಡಬ್ಬಿಯೊಳಗೆ ಇಣುಕಿದ.

“ಇದೇನಮ್ಮಾ, ಕಡ್ಡಿ ಕಡ್ಡಿ?”

“ಅಪ್ಪನ ಎಲೆ ಟೀ. ನನ್ನ ಕೈಯದು ಬಿಟ್ಟು ಬೇರೆ ಕುಡೀತಿರ್ಲಿಲ್ಲ.”

ದರ್ಜಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. “ಯಾರು, ನಮ್ಮ ಯಜಮಾನ್ರಾ? ಗೂಡಂಗಡಿ ಹಾಲು ಟೀ ಬಂದ್ರೆ ನನ್ನ ಲೋಟಕ್ಕೂ ಕೈ ಹಾಕೋರು! ‘ಏನಯ್ಯಾ, ಸಕ್ಕರೆಗೆ ಬರಗಾಲನಾ?’ ಅಂತ ಗೂಡಂಗಡಿಯವನಿಗೆ ದಿನಾ ಮಂಗಳಾರತಿ. ಟೀ ಅಂದ್ರೆ ಪ್ರಾಣ ಬಿಡೋರು...” ಎಂದವನು ನಾಲಿಗೆ ಕಚ್ಚಿಕೊಂಡ. ನೀರು ಕುಡಿಯದೆಯೇ ಹೊರಟುಹೋದ.

*

ವರ್ಷಗಳ ಹಿಂದೆ ಅವಳಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಪೆಟ್ಟಿಗೆ ಹೊಸ್ತಿಲ ಬಳಿ ನಿಂತಿತ್ತು. ಅತ್ತಿಗೆ ಮಾಡಿಕೊಟ್ಟ ಚಹಾವನ್ನು ಅಪ್ಪ ಒಂದು ಗುಟುಕು ಕುಡಿದು ಬಟ್ಟಲನ್ನು ಆಚೆ ಸರಿಸಿದ.

“ಹೋಗಿ ಬಾ ಮಗಾ. ನನ್ನದೇನು, ಟೀ ಒಂದು ಬಿಟ್ರಾಯ್ತು. ನಿನ್ನ ಕೈಯದಲ್ಲದೆ ಗಂಟಲಲ್ಲಿ ಇಳಿಯಲ್ಲ, ಅಷ್ಟೆ.”

ಗದರಿದ್ದರೆ ಹೊರಟೇಬಿಡುತ್ತಿದ್ದಳು. ಪೆಟ್ಟಿಗೆಯನ್ನು ಒಳಗಿಟ್ಟು ಒಲೆಯ ಮೇಲೆ ನೀರಿಟ್ಟಳು. ಎಲೆ ಬಣ್ಣ ಬಿಟ್ಟ ಮೇಲೆ ಅಪ್ಪನ ಬಟ್ಟಲಿಗೆ ಬಗ್ಗಿಸಿದಳು. ಮುಂದೆ ಅದೇ ದಿನಚರಿಯಾಯಿತು.

*

ದರ್ಜಿ ಹೋದ ಮೇಲೆ ಅವಳು ಪಾಟಿಗೆ ಒಂದು ಚಿಟಿಕೆ ಎಲೆ ಹಾಕಿ, ಕುದಿನೀರು ಹೊಯ್ದು, ಬಣ್ಣ ಬಿಡಲು ಕಾದು, ಅಪ್ಪನ ಬಟ್ಟಲಿಗೆ ಬಗ್ಗಿಸಿಕೊಂಡಳು. ಇಷ್ಟು ವರ್ಷ ಒಮ್ಮೆಯೂ ರುಚಿ ನೋಡಿರಲಿಲ್ಲ; ದುಬಾರಿ ಎಲೆ, ಅಪ್ಪನಿಗೆ ಮಾತ್ರ. ಮೊದಲು ಒಗರು, ಆಮೇಲೆ ಎಲ್ಲಿಂದಲೋ ಒಂದು ಸಣ್ಣ ಸಿಹಿ. ಚೆನ್ನಾಗಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಕೆಟ್ಟದಾಗಿದ್ದರೆ ಅಪ್ಪನ ಮೇಲೆ ಸಿಟ್ಟಾಗುವುದು ಸುಲಭವಿತ್ತು.

“ಏನೇ, ಇಲ್ಲೀವರೆಗೂ ಘಮ್ ಅಂತಿದೆ!” ನಡುಮನೆಯಿಂದ ಅಣ್ಣ ಕೂಗಿದ. “ಎಲ್ಲರಿಗೂ ಒಂದೊಂದು ಕೊಡು. ನಾಳೆ ನಮ್ಮ ಜೊತೆ ಹೊರಟುಬಿಡು. ಇಲ್ಲಿ ಒಬ್ಬಳೇ ಕೂತು ಏನ್ಮಾಡ್ತೀಯ?”

“ನಂಗೂ ಕೈಯಾಸರೆ ಆಗುತ್ತೆ,” ಎಂದಳು ಅತ್ತಿಗೆ. “ನಿಮ್ಮಣ್ಣಂಗೂ ಈಗೀಗ ನನ್ನ ಟೀ ರುಚಿಸಲ್ಲ. ಡಬ್ಬಿ ಮರೀಬೇಡ ಮತ್ತೆ.”

ಎಲ್ಲರೂ ‘ಹೌದು ಹೌದು’ ಎಂದರು.

‘ಆಗಲಿ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಉಳಿದ ಚಹಾದೊಂದಿಗೆ ಅದನ್ನು ನುಂಗಿದಳು. ಆಮೇಲೆ ಡಬ್ಬಿಯನ್ನು ಪಾಟಿನ ಬಾಯಿಗೆ ಬೋರಲು ಹಾಕಿ, ತಳ ತಟ್ಟಿ, ಕೊನೆಯ ಎಲೆಯವರೆಗೂ ಉದುರಿಸಿದಳು. ಮೇಲೆ ಕುದಿನೀರು ಹೊಯ್ದು ಮುಚ್ಚಳವಿಟ್ಟು, ಅಭ್ಯಾಸದಂತೆ ಅಂಗೈಯಿಂದ ಒತ್ತಿ ಹಿಡಿದಳು.

“ಆಯ್ತೇನೇ?” ಅಣ್ಣ ಮತ್ತೆ ಕೂಗಿದ.

ಅವಳು ಕೈ ತೆಗೆದಳು. ಒಳಗೆ ಎಲೆಗಳು ಅರಳಿ, ಉಬ್ಬಿ, ಒಂದನ್ನೊಂದು ನೂಕುತ್ತ, ಮುಚ್ಚಳವನ್ನು ಕೂದಲೆಳೆ ಕೂದಲೆಳೆಯಷ್ಟೇ ಮೇಲೆತ್ತುತ್ತಿದ್ದವು.