ಜೋಡಿ ಗೂಡು

ನನ್ನ ಮಾವನಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಕೆಮ್ಮುತ್ತಾರೆ. ಮಳವಳ್ಳಿಯ ರೇಷ್ಮೆ ನೂಲಿನ ಘಟಕದಲ್ಲಿ ನಲವತ್ತು ವರ್ಷ ಗೂಡು ಬೇಯಿಸಿದ ಹಬೆ ಕುಡಿದ ಎದೆ ಅದು. ಯಾವ ಕೆಮ್ಮು ಎದೆಯದು, ಯಾವುದು ಸಿಟ್ಟಿನದು ಅಂತ ಸೊಸೆಯಾಗಿ ಬಂದು ಹತ್ತು ವರ್ಷವಾದ ನನಗೆ ಬಾಗಿಲಾಚೆಯಿಂದಲೇ ತಿಳಿಯುತ್ತದೆ. ಮಕ್ಕಳನ್ನು ನಾನು ಶಾಲೆ ಬಿಡಿಸಿದ ದಿನ ಅವರು ಇಡೀ ಮದ್ದೂರಿಗೆ ಕೇಳುವಂತೆ ಕೆಮ್ಮಿದರು.

ಬಿಡಿಸಿದ್ದು ಒಂದು ಚಾರ್ಟಿನಿಂದಾಗಿ. ಎರಡನೇ ತರಗತಿಯಲ್ಲಿದ್ದ ಮಗಳು ಮಿಸ್ಬಾಗೆ ‘ಚಿಟ್ಟೆಯ ಜೀವನಚಕ್ರ’ ಅಂತ ಪ್ರಾಜೆಕ್ಟು ಕೊಟ್ಟಿದ್ದರು. ಸ್ಟೇಷನರಿ ಅಂಗಡಿಯಲ್ಲಿ ಚಾರ್ಟು ಸಿಗುತ್ತದೆ, ಕತ್ತರಿಸಿ ಅಂಟಿಸಿದರೆ ಆಯಿತು. ಅಂಟಿಸಿದಳು, ಹತ್ತಕ್ಕೆ ಹತ್ತು ಬಂತು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: “ಅಮ್ಮಿ, ಲಾರ್ವಾ ಅಂದ್ರೇನು?” ಸುತ್ತ ಯಾವ ಊರಿಗೆ ಹೋದರೂ ರೇಷ್ಮೆ ಹುಳು ಸಾಕುವ ಮನೆ ಸಿಗುವ ಸೀಮೆ ಇದು. ಅದರಲ್ಲೂ ನೂಲು ತೆಗೆದೇ ಬದುಕಿದ ಮನೆಯ ಹುಡುಗಿ! ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಗೆ ಮುಂಚೆ ನಾಲ್ಕು ವರ್ಷ ಟೀಚರಾಗಿ ನಾನೂ ಅದೇ ಚಾರ್ಟಿಗೆ ಹತ್ತಕ್ಕೆ ಹತ್ತು ಹಾಕಿದವಳು ಅನ್ನುವುದು ನೆನಪಾಗಿ ಇನ್ನಷ್ಟು ಉರಿಯಿತು. ಬರುವ ಜೂನಿನಿಂದ ಮಿಸ್ಬಾಗೂ ತಮ್ಮ ಉಜೈರ್‌ಗೂ ಮನೆಯಲ್ಲೇ ಪಾಠ ಅಂದುಬಿಟ್ಟೆ.

ಎಳನೀರು ಮಾರ್ಕೆಟ್ಟಿನಲ್ಲಿ ಲೋಡು ಮಾಡಿಸುವ ನನ್ನ ಗಂಡ, ನಾನು ಹೇಳಿದ್ದಕ್ಕೂ ಹೂಂ ಅಂದು, ಅವರಪ್ಪ ಹೇಳಿದ್ದಕ್ಕೂ ಹೂಂ ಅಂದು ತಪ್ಪಿಸಿಕೊಂಡರು. ಮಾವ ತಪ್ಪಿಸಿಕೊಳ್ಳುವ ಜಾತಿಯಲ್ಲ. ಮನೆಯಲ್ಲಿ ನಾವೆಲ್ಲ ಉರ್ದು ಆಡಿದರೂ ಗಟ್ಟಿ ಮಾತು ಬಂದಾಗ ಅವರು ಕನ್ನಡಕ್ಕೇ ಇಳಿಯುವುದು. ಗೂಡಿನ ಮಾರ್ಕೆಟ್ಟಿನಲ್ಲಿ ರೈತರ ಜೊತೆ ಜಗಳವಾಡಿ ಬಂದ ಕನ್ನಡ.

“ನೋಡಮ್ಮ ತಹಸೀನ, ಒಂದು ವರ್ಸ ಕೊಟ್ಟಿವ್ನಿ. ಮಕ್ಳು ಏನ್ ಕಲ್ತವ್ರೆ ಅಂತ ನನ್ ಕಣ್ಗೆ ಕಾಣ್ಬೇಕು. ಕಾಣ್ನಿಲ್ಲ ಅಂದ್ರೆ ಮುಂದಿನ್ ಜೂನ್‌ಗೆ ಸ್ಕೂಲು. ಆಮ್ಯಾಕೆ ನೀನು ಒಂದ್ ಮಾತಾಡಂಗಿಲ್ಲ.”

ನಾನು ಒಪ್ಪಿದೆ. ಮಾತಿಗೆ ತಪ್ಪುವ ಅಭ್ಯಾಸ ನನಗಿಲ್ಲ, ಅವರಿಗೂ ಇಲ್ಲ. ಹಾಗಾಗಿಯೇ ಭಯ. ಏಪ್ರಿಲ್ ಬರುವಷ್ಟರಲ್ಲಿ ಅವರು ಶಾಲೆಯ ಅರ್ಜಿ ತಂದು, ಇಬ್ಬರ ಹೆಸರನ್ನೂ ದುಂಡಗೆ ಬರೆದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು.

ವರ್ಷವಿಡೀ ನಾವು ಸುಮ್ಮನೆ ಕೂತಿರಲಿಲ್ಲ. ಗಾಜಿನ ಬಾಟಲಿಯಲ್ಲಿ ಇರುವೆ ಸಾಕಿದೆವು. ರಂಜಾನ್ ತಿಂಗಳಿಡೀ ತಾರಸಿಗೆ ಹತ್ತಿ ಚಂದ್ರನನ್ನು ನೋಡಿ, ಅದೇ ಆಕಾರಕ್ಕೆ ರೊಟ್ಟಿ ಹಿಟ್ಟನ್ನು ಕತ್ತರಿಸಿದೆವು. ಶಿಂಷಾ ಹೊಳೆಯ ಮರಳು ತಂದು ಜರಡಿ ಹಿಡಿದೆವು. ಓದು ಬರಹ ಲೆಕ್ಕ ಎಲ್ಲವೂ ಅದರೊಳಗೇ. ಮಾವ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ನೋಡಿ ಒಂದೇ ಮಾತು ಹೇಳುತ್ತಿದ್ದರು: “ಆಟ.”

ಕೊನೆಗೆ ಏಪ್ರಿಲ್ ಕಳೆಯುವ ಹೊತ್ತಿಗೆ ನಾನೊಂದು ಪಣ ತೊಟ್ಟೆ. ಯಾವ ಚಾರ್ಟಿನಿಂದ ಶುರುವಾಯಿತೋ ಅದನ್ನೇ ಜೀವಂತ ಮಾಡಿ ತೋರಿಸಬೇಕು. ಮಕ್ಕಳನ್ನು ಕರೆದುಕೊಂಡು ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ. ಅಲ್ಲಿ ಹುಳು ಸಾಕುವ ಚಿಕ್ಕಬೋರಮ್ಮ, ನಮ್ಮನ್ನು ಹುಳುವಿನ ಮನೆಯ ಬಾಗಿಲಲ್ಲೇ ತಡೆದು ಕಾಲು ತೊಳೆಸಿದಳು.

“ಸನಾವುಲ್ಲಾ ಸಾಬ್ರ ಸೊಸೇನಾ ನೀನು? ನಿಮ್ ಮಾವ ನಮ್ ಗೂಡ್ನ ಎಂಗೆ ಇಡ್ಕೊಂಡು ನೋಡೋರು ಅಂತೀಯ, ಎಣ್ಣು ನೋಡಕ್ ಬಂದೋರಂಗೆ! ಸೆಂಟು ಗಿಂಟು ಆಕಂಡಿಲ್ಲ ತಾನೆ? ವಾಸ್ನೆ ತಗುಲುದ್ರೆ ಉಳ ಸೊಪ್ಪು ಬುಟ್ಬುಡ್ತವೆ ಕಣಮ್ಮ.”

ನಾಲ್ಕನೇ ಜ್ವರ ಎದ್ದ ಐವತ್ತು ಹುಳುಗಳನ್ನು ಮೊರದಲ್ಲಿ ಹಾಕಿ ಕೊಟ್ಟಳು. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಊಟ ಬಿಟ್ಟು ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಉಜೈರ್ ದಾರಿಯುದ್ದಕ್ಕೂ ಮೊರದ ಮೇಲೆ ಬಗ್ಗಿ, ಈಗ ಜ್ವರ ಹೇಗಿದೆ ಅಂತ ಅವುಗಳನ್ನೇ ವಿಚಾರಿಸುತ್ತಿದ್ದ.

ಮನೆಗೆ ಬಂದ ಹುಳು ಮಿಸ್ಬಾಳ ಸರ್ಕಾರ ತಂದಿತು. ಹಿಪ್ಪುನೇರಳೆ ಸೊಪ್ಪನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಬೆಳಗ್ಗೆ ಸಂಜೆ ಹುಳುವಿನ ಉದ್ದವನ್ನು ದಾರದಲ್ಲಿ ಅಳೆದು ಅವಳ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹುಳುಗಳಿಗೆ ಮಾತು ಬರುವುದಿಲ್ಲವಾದ್ದರಿಂದ ಅವುಗಳ ಪರವಾಗಿ ಪ್ರತಿ ಊಟಕ್ಕೂ ಉಜೈರ್ ಬಿಸ್ಮಿಲ್ಲಾ ಹೇಳಬೇಕು. ಅತ್ತರು ಹಾಕಿದವರು ಆ ಕೋಣೆಗೆ ಬರಕೂಡದು. ಮೊದಲ ಶುಕ್ರವಾರವೇ ಮಾವ ನಮಾಜಿಗೆ ಹೊರಟು, ಅತ್ತರು ಹಚ್ಚಿಕೊಂಡು ಒಳಗೆ ಇಣುಕಿದರು. ಎಂಟು ವರ್ಷದ ಮೊಮ್ಮಗಳು ಬಾಗಿಲಿಗೆ ಕೈ ಅಡ್ಡ ಹಿಡಿದಳು.

“ದಾದಾ, ನೀವು ಹೊರಗೆ.”

“ನಂಗೇ ಏಳ್ಕೊಡ್ತೀಯೇನವ್ವ ನೀನು?” ಎಂದರು. ಆದರೂ ಹೊರಗೇ ನಿಂತರು. ಶುಕ್ರವಾರದ ಅತ್ತರನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುವವರಲ್ಲ.

ಉಳಿದ ದಿನ ಸುಮ್ಮನಿರಲು ಅವರಿಂದ ಆಗಲಿಲ್ಲ. “ಸೊಪ್ಪು ಒದ್ದೆ ಇರ್ಬಾರ್ದು ಕಣವ್ವ” ಅನ್ನುವರು. “ಇದು ಅಣ್ಣಾಗದೆ ನೋಡು, ಮೈ ಕನ್ನಡಿಯಂಗೆ ಒಳೀತದೆ” ಅನ್ನುವರು. ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಬೇಕು. ತೆಂಗಿನ ಗರಿಯ ಕಡ್ಡಿಗಳನ್ನು ಬಾಗಿಸಿ ತಾವೇ ಒಂದು ಪುಟ್ಟ ಚಂದ್ರಿಕೆ ಹೆಣೆದುಕೊಟ್ಟರು. ಸೋಮವಾರ ಹುಳುಗಳು ತಲೆ ಆಡಿಸುತ್ತ ದಾರ ಬಿಡತೊಡಗಿದವು. ಎರಡು ದಿನಕ್ಕೆ ನಲವತ್ತಮೂರು ಗೂಡು. ಮಿಸ್ಬಾ ಲೆಕ್ಕ ಹಾಕಿ, ಕ್ಯಾಲೆಂಡರಿನಲ್ಲಿ ಮುಂದಿನ ವಾರದ ಶುಕ್ರವಾರಕ್ಕೆ ಸುತ್ತು ಹಾಕಿ ಬರೆದಳು: ‘ಚಿಟ್ಟೆ ಬರುತ್ತೆ. ದಾದಾಗೆ ತೋರಿಸಬೇಕು.’ ಮಾವ ಅದನ್ನು ಓದಿ ಮೀಸೆಯೊಳಗೇ ನಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ. ಗೆದ್ದೆ ಅಂದುಕೊಂಡೆ.

ಮರುವಾರ ಸೋಮವಾರ, ತಂಗಿಯ ಮಗುವಿಗೆ ಹೆಸರಿಡುವ ಅಖೀಖಾ ಅಂತ ಮಕ್ಕಳೊಡನೆ ಮಂಡ್ಯದ ತವರುಮನೆಗೆ ಹೋಗಿ, ಮಾರನೆಯ ಸಂಜೆ ವಾಪಸಾದೆ. ಮಾವ ಬಾಗಿಲಲ್ಲೇ ಕಾದಿದ್ದರು. ಮುಖದಲ್ಲಿ ಹಬ್ಬ.

“ಬಾ ಮಿಸ್ಬಾ, ನಿನ್ ಬೆಳೆ ಕಾಪಾಡಿವ್ನಿ! ಇನ್ನೊಂದ್ ಎರಡ್ ದಿನ ಬುಟ್ಟಿದ್ರೆ ಅಷ್ಟೂ ತೂತು ಬಿದ್ದೋಗವು.”

ಅಡುಗೆಮನೆಯಲ್ಲಿ ನನ್ನ ಇಡ್ಲಿ ಪಾತ್ರೆ ತೊಳೆದು ಬೋರಲು ಹಾಕಿತ್ತು. ತಾರಸಿಯಲ್ಲಿ ಬಿಳಿ ಪಂಚೆಯ ಮೇಲೆ, ಆ ಪಾತ್ರೆಯ ಹಬೆಯಲ್ಲಿ ಬೆಂದ ನಲವತ್ತು ಗೂಡುಗಳು ಒಣಗುತ್ತಿದ್ದವು. ಉಳಿದ ಮೂರರಿಂದ ಅವರು ಕೈಯಲ್ಲೇ ನೂಲು ತೆಗೆದು, ಬೆಂಕಿಪೊಟ್ಟಣಕ್ಕೆ ಸುತ್ತಿ ಇಟ್ಟಿದ್ದರು. ಆರು ವರ್ಷದಿಂದ ನೂಲು ಮುಟ್ಟದ ಬೆರಳುಗಳು ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು. ಮೊಮ್ಮಗಳಿಗೆಂದು ಮಾಡಿದ ಕೆಲಸ. ನೂಲು ತೆಗೆಯುವ ರೀಲರ್ ಆದವನು ಗೂಡನ್ನು ಏನು ಮಾಡಬೇಕೋ ಅದನ್ನೇ ಮಾಡಿದ್ದರು. ನಲವತ್ತು ವರ್ಷ ಅವರ ಪಾಲಿಗೆ ಚಿಟ್ಟೆ ಅಂದರೆ ತೂತು ಬಿದ್ದ ಗೂಡು, ಹಾಳಾದ ಸರಕು. ಕ್ಯಾಲೆಂಡರಿನ ಸುತ್ತು ಅವರಿಗೆ ಕೊನೆಯ ಗಡುವಾಗಿ ಕಂಡಿತ್ತು.

ಮಿಸ್ಬಾ ನೂಲು ಮುಟ್ಟಲಿಲ್ಲ. “ಒಳಗಿರೋದು?” ಎಂದಳು.

“ಒಳಗಿಂದಾ? ಅದು ಸತ್ತೋಯ್ತದೆ. ಅದ್ನ ಮೀನ್‌ಗೆ ಆಕ್ತರೆ.”

ಉಜೈರ್ ಹೋ ಅಂತ ಅಳಲು ಶುರುಮಾಡಿದ. ನನಗೆ ಎಲ್ಲಿತ್ತೋ ಸಿಟ್ಟು. “ಒಂದು ವರ್ಷ ನೋಡಿದ್ರಲ್ಲ ಅಬ್ಬಾಜಿ, ಮಕ್ಕಳು ಏನು ಕಲಿತರು ಅಂತ ಕೇಳ್ತಾನೇ ಇದ್ರಲ್ಲ, ನೀವೇನು ಕಲಿತ್ರಿ ಹೇಳಿ” ಎಂದೆ. ಹಿರಿಯರಿಗೆ ಆಡುವ ಮಾತಲ್ಲ. ಆಡಿದ ಮೇಲೆ ವಾಪಸು ತೆಗೆದುಕೊಳ್ಳುವ ಮನಸ್ಸೂ ಬರಲಿಲ್ಲ.

ನನ್ನ ಬಾಯಿ ಮುಚ್ಚಿಸಿದ್ದು ಮಿಸ್ಬಾ. ನೋಟ್‌ಬುಕ್ಕನ್ನು ಮಡಚಿ ನನ್ನ ಕೈಗೆ ಕೊಟ್ಟಳು. “ಅಮ್ಮಿ, ನಾನು ಸ್ಕೂಲಿಗೇ ಹೋಗ್ತೀನಿ. ಅಲ್ಲಿ ಚಾರ್ಟ್ ಅಂಟಿಸಿದ್ರೆ ಸಾಕು. ಯಾವುದೂ ಸಾಯಲ್ಲ.”

ಸೋತೆ ಅಂತಲೇ ಅನಿಸಿತು, ಮಾವನಿಗಲ್ಲ, ಚಾರ್ಟಿಗೆ. ವಿಚಿತ್ರವೆಂದರೆ ಆ ಸಂಜೆ ಮಾವ ಒಂದು ಸಲವೂ ಕೆಮ್ಮಲಿಲ್ಲ.

ಬುಧವಾರ ಬೆಳಗ್ಗೆ ಎದ್ದರೆ ಮಾವ ಮನೆಯಲ್ಲಿಲ್ಲ. ಮಧ್ಯಾಹ್ನ ಒಂದು ಬಟ್ಟೆ ಚೀಲವನ್ನು ಎದೆಗವಚಿಕೊಂಡು ಬಸ್ಸಿಳಿದು ಬಂದರು. ಚೀಲದಲ್ಲಿ ಒಂಬತ್ತು ಗೂಡು. ಒಂದೊಂದೂ ಮಾಮೂಲಿ ಗೂಡಿಗಿಂತ ದಪ್ಪ, ಒರಟು, ಅಂದಗೇಡಿ.

“ಚಿಕ್ಕಬೋರಮ್ಮ ಒಳ್ಳೇ ಗೂಡ್ನೆಲ್ಲ ಮಾರ್ಕೆಟ್ಗೆ ಆಕ್ಬುಟ್ಟವ್ಳೆ. ಜೋಡಿ ಗೂಡು ಮಾತ್ರ ಉಳ್ದಿದ್ವು, ಆಯ್ಕೊಂಡ್ ಬಂದೆ” ಎಂದು ನನ್ನತ್ತ ನೋಡದೆ ಹೇಳಿದರು.

ಎರಡು ಹುಳು ಒಟ್ಟಿಗೆ ಸೇರಿ ಕಟ್ಟಿಕೊಂಡಿದ್ದು ಜೋಡಿ ಗೂಡು. ಎರಡರ ದಾರವೂ ಸಿಕ್ಕಾಗಿ ನೂಲು ಬರುವುದಿಲ್ಲ ಅಂತ ರೀಲರುಗಳು ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ.

“ನಾನ್ ಕೇಳುದ್ಕೆ ಆಯಮ್ಮ ನಗಾಡುದ್ಲು. ಅಲ್ಲ ಸಾಬ್ರೇ, ಇವ್ನ ಗುಡ್ಡೆಯಿಂದ ಎತ್ತಿ ಎತ್ತಿ ಬಿಸಾಕ್ತಿದ್ದೋರು ನೀವೇ ಅಲ್ವಾ ಅಂದ್ಲು. ನಾನೇ ಕಣವ್ವ ಅಂದೆ.” ಚೀಲವನ್ನು ಮಿಸ್ಬಾಳ ಮುಂದಿಟ್ಟರು. “ನಿನ್ ಉಳದ ಜೊತೆಯವೇ ಇವು, ಒಂದೇ ಬೆಳೆ. ಒಂದೊಂದ್ರಾಗೂ ಎರಡೆರಡು ಅವೆ. ಗೋಡೆ ದಪ್ಪ, ಆಚ್ಗೆ ಬತ್ತವೋ ಇಲ್ವೋ ನಂಗೊತ್ತಿಲ್ಲ. ನಾನ್ ಯಾವತ್ತೂ ನೋಡಿಲ್ಲ.”

ಮಿಸ್ಬಾ ಅವರ ಮುಖ ನೋಡದೆ ಚೀಲ ಎತ್ತಿಕೊಂಡು ಒಳಗೆ ಹೋದಳು. ರಾತ್ರಿ ಮಲಗುವ ಮುಂಚೆ ನೋಡಿದರೆ ಗೂಡುಗಳನ್ನು ಮೊರದಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಳು. ನೋಟ್‌ಬುಕ್ಕನ್ನು ಮಾತ್ರ ಕೇಳಲಿಲ್ಲ.

ಶುಕ್ರವಾರ ನಸುಕಿನ ಫಜರ್ ನಮಾಜು ಮುಗಿಸಿ ಬಂದ ಮಾವ ಮೊರದ ಮುಂದೆ ಕಂಬಳಿ ಹಾಸಿ ಕೂತರು. ಮಕ್ಕಳು ಕಣ್ಣುಜ್ಜುತ್ತ ಬಂದು ಸ್ವಲ್ಪ ದೂರದಲ್ಲೇ ಕೂತರು. ಕಿಟಕಿಯಲ್ಲಿ ಬೆಳಕು ಮೂಡಿ ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ. ನಾನು ಬಾಗಿಲಲ್ಲಿ ನಿಂತು, ಯಾ ಅಲ್ಲಾ, ಒಂದಾದರೂ ಬರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಪಣ, ಜೂನು, ಅರ್ಜಿ ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಮಿಸ್ಬಾ ಮಾತಾಡಿದರೆ ಸಾಕಿತ್ತು.

“ಇದ್ಯಾಕೆ ಒದ್ದೆ ಆಯ್ತು? ಕೆಟ್ಟೋಯ್ತಾ?” ಎಂದರು ಮಾವ. ಮೂರನೇ ಗೂಡಿನ ತುದಿಯಲ್ಲಿ ಕಂದು ಬಣ್ಣದ ಒದ್ದೆ ಕಲೆ.

ಎರಡು ದಿನದಿಂದ ಅವರೊಂದಿಗೆ ಮಾತು ಬಿಟ್ಟಿದ್ದ ಮಿಸ್ಬಾ ತಡೆಯಲಾರದೆ ಹತ್ತಿರ ಸರಿದಳು. “ಕೆಟ್ಟಿಲ್ಲ ದಾದಾ. ಅದು ಒಳಗಿಂದ ನೀರು ಬಿಡ್ತೈತೆ, ಗೋಡೆ ಮೆತ್ತಗಾಗ್ಲಿ ಅಂತ. ದಾರ ಕತ್ತರಿಸಲ್ಲ, ಸರಿಸ್ಕೊಂಡ್ ಬತ್ತದೆ. ಮುಟ್ಬೇಡಿ!”

ಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ಒದ್ದೆ ಕಲೆ ಉಬ್ಬಿತು. ಒಂದು ಬಿಳಿ ತಲೆ, ಎರಡು ಬಾಚಣಿಗೆಯಂಥ ಮೀಸೆ, ಆಮೇಲೆ ಮುದುಡಿದ ರೆಕ್ಕೆ. ಚಿಟ್ಟೆ ಗೂಡಿನ ಮೇಲೆ ನಿಂತು ನಡುಗಿತು. ಉಜೈರ್ ಪಿಸುದನಿಯಲ್ಲಿ ಬಿಸ್ಮಿಲ್ಲಾ ಎಂದ.

“ಇದ್ಕೇನ್ ತಿನ್ನಕ್ ಆಕ್ಬೇಕು?”

“ಏನೂ ತಿನ್ನಲ್ಲ ದಾದಾ, ತಿನ್ನೋ ಬಾಯೇ ಇಲ್ಲ. ಹುಳ ಆಗಿದ್ದಾಗ ತಿಂದಿದ್ದೇ ಅದಕ್ಕೆ ಕೊನೇತಂಕ. ಹಾರೋಕೂ ಬರಲ್ಲ. ಮೊಟ್ಟೆ ಇಡೋದೊಂದೇ ಕೆಲಸ. ಅಮ್ಮಿ, ನನ್ ನೋಟ್‌ಬುಕ್!”

ನಾನು ಓಡಿಹೋಗಿ ತಂದುಕೊಟ್ಟೆ. ನನ್ನ ಕಣ್ಣು ಒದ್ದೆಯಾಗಿತ್ತು, ಯಾರೂ ನೋಡಲಿಲ್ಲ. ಎಲ್ಲರೂ ಅದೇ ತೂತನ್ನು ನೋಡುತ್ತಿದ್ದರು. ಯಾಕೆಂದರೆ ಅಲ್ಲಿ ಇನ್ನೊಂದು ತಲೆ ಕಾಣಿಸಿಕೊಂಡಿತ್ತು. ಮೊದಲನೆಯದು ಮಾಡಿಟ್ಟ ದಾರಿಯಲ್ಲಿ ಎರಡನೆಯದು ಸಲೀಸಾಗಿ ಹೊರಬಂತು.

“ಸುಬ್ಹಾನಲ್ಲಾ” ಎಂದರು ಮಾವ. ಗೂಡಿನತ್ತ ಇನ್ನಷ್ಟು ಬಗ್ಗಿ, “ಇದ್ನ ನಾನು ತೂತು ಅಂತಿದ್ದೆ” ಎಂದರು. ಮಿಸ್ಬಾ ಬರೆಯುತ್ತಿದ್ದವಳು ತಲೆ ಎತ್ತಿ ಅವರನ್ನು ನೋಡಿ, ಜರುಗಿ ಅವರ ಮಂಡಿಗೆ ಒರಗಿ ಕೂತು ಮತ್ತೆ ಬರೆಯತೊಡಗಿದಳು.

ಒಂಬತ್ತರಲ್ಲಿ ಆರು ಗೂಡು ತೆರೆದವು, ಮೂರು ತೆರೆಯಲೇ ಇಲ್ಲ. ಚಿಟ್ಟೆಗಳು ಜೊತೆ ಹುಡುಕಿಕೊಂಡು ಕೂತವು. ಮೊಟ್ಟೆಯಿಡಲು ಅವುಗಳ ಕೆಳಗೆ ದಪ್ಪನೆಯ ಬಿಳಿ ಕಾಗದ ಹಾಸಬೇಕು ಅಂದಳು ಮಿಸ್ಬಾ. ನೋಟ್‌ಬುಕ್ಕಿನ ಹಾಳೆ ತೆಳುವಾಯಿತು, ಹಳೇ ಪೇಪರು ಮಸಿ ಬಿಡುತ್ತದೆ. ನಾನು ಹುಡುಕಾಡುತ್ತಿರುವಾಗ ಮಾವ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ಕಿರ್ರೆಂದಿತು. ಕೈಯಲ್ಲೊಂದು ದಪ್ಪ ಕಾಗದ ಹಿಡಿದು ಬಂದರು, ಬರೆದ ಕಡೆಯನ್ನು ಕೆಳಗೆ ಮಾಡಿ ಮೊರದಲ್ಲಿ ಹಾಸಿದರು, ಅಂಚುಗಳನ್ನು ಬೆರಳಲ್ಲಿ ಒತ್ತಿ ನೇರ ಮಾಡಿದರು. ಬೆಳಕಿಗೆ ಆಚೆ ಬದಿಯ ಅಕ್ಷರ ಮಸುಕಾಗಿ ಕಾಣುತ್ತಿತ್ತು. ಮಿಸ್ಬಾ, ಉಜೈರ್ ಅಂತ ದುಂಡಗೆ ಬರೆದ ಎರಡು ಹೆಸರು.

ಮಂಗಳವಾರ ಆಡಿದ ಮಾತಿಗೆ ಮಾಫಿ ಕೇಳಬೇಕೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿ, “ಚಾ ಕಾಯ್ಸಮ್ಮ” ಎಂದರು.

ಆ ಶುಕ್ರವಾರ ಮಾವ ಅತ್ತರಿಲ್ಲದೆ ನಮಾಜಿಗೆ ಹೋದರು. ಸಂಜೆಯ ಹೊತ್ತಿಗೆ ಅರ್ಜಿಯ ಬೆನ್ನ ಮೇಲೆ ಹಳದಿ ಗಸಗಸೆ ಚೆಲ್ಲಿದ ಹಾಗೆ ಮೊಟ್ಟೆಗಳು ಅಂಟಿಕೊಂಡಿದ್ದವು. ಉಜೈರ್ ಎಣಿಸಲು ಕೂತು ನೂರ ಹನ್ನೆರಡಕ್ಕೆ ಸುಸ್ತಾದ.

“ಮರಿ ಆದ್ರೆ ಅತ್ತು ದಿನ್ದಾಗೆ ಆಯ್ತವೆ” ಎಂದು ಮಾವ ನನ್ನನ್ನು ಕರೆದು ಹೇಳಿದರು. “ಜೂನ್‌ ತಿಂಗ್ಳಿಗೆ ಸೊಪ್ಪು ಬೇಕು ಅಂತ ಚಿಕ್ಕಬೋರಮ್ಮಂಗೆ ಈಗ್ಲೇ ಏಳ್ಬುಡು. ಎಳೇ ಸೊಪ್ಪು ಕಣಮ್ಮ.” ಹೇಳಿ ಕೆಮ್ಮಿದರು. ನಾನು ಕಿವಿಗೊಟ್ಟು ಕೇಳಿದೆ. ಬರೀ ಎದೆಯ ಕೆಮ್ಮು.