ಅರಮನೆ ಪರದೆ

"ಕಟ್ಟಬ್ಯಾಡ್ರಿ ಅದನ್ನ," ಎಂದು ಹಸನಸಾಬ ಹಗ್ಗ ಕಿತ್ತುಕೊಂಡ.

ಗುಡುಸಾಬನ ಮೈ ತೊಳೆಯಲು ಅಂಗಳದಲ್ಲಿ ಮರೆ ಕಟ್ಟುತ್ತಿದ್ದರು. ಮರೆಗೆಂದು ಬಂದದ್ದು ನಾಟಕದ ಅರಮನೆ ಪರದೆ. ಕಳಿಸಿದವನು ಶಾಂತಪ್ಪ, ವಿಜಾಪುರದಲ್ಲಿ ಕೂತು ತಿಕೋಟಾ, ಬಬಲೇಶ್ವರದ ನಾಟಕಗಳಿಗೆಲ್ಲ ಪರದೆ ಬಾಡಿಗೆ ಕೊಡುವವನು. ಬರೆದವನು ಈಗ ಹಲಗೆಯ ಮೇಲೆ ಮಲಗಿದ್ದ ಗುಡುಸಾಬನೇ. ಹಸನಸಾಬ ಅವನ ಜೊತೆಯ ಪೇಂಟರ್.

"ಯಾಕೋ ಹಸನ್ಯಾ, ಪುಕ್ಕಟೆ ಕೊಟ್ಟೇನಿ," ಎಂದ ಶಾಂತಪ್ಪ, ಕುರ್ಚಿಯಿಂದಲೇ. "ಹುಷಾರಿಲೆ ಕಟ್ರಿ, ಸಂಜಿಕ ನಿಡೋಣ್ಯಾಗ ಆಟ ಐತಿ."

"ಸತ್ತ ಮ್ಯಾಲೂ ಅವ ಇದನ್ನ ನೋಡಬೇಕೇನ್ರಿ?"

"ನಿನಗಷ್ಟ ಸಿಟ್ಟು. ಗುಡುಸಾಬ ಒಂದ ದಿನ ಬ್ಯಾಸರ ಅಂದಾವಲ್ಲ."

"ನಿಮ್ಮ ಮುಂದ ಅಂದಿಲ್ಲ. ನಾಕ ಕಂಬ ಬರದು ಆಕಳಿಸ್ತಿದ್ದ. ಐದನೇದಕ್ಕ ಕುಂಚ ಹಿಡದೇ ನಿದ್ದಿ ಹೋಗ್ತಿದ್ದ. ಆದ್ರೂ ಕಂಬ ಸೊಟ್ಟ ಆಗ್ತಿದ್ದಿಲ್ಲ. ಅಷ್ಟ ಬರಿಸೀರಿ."

"ಜಗಳ ಆಮ್ಯಾಲ ಆಡು," ಎಂದ ಮೈ ತೊಳೆಯುವ ಮುದುಕ ಬುಡ್ಡೇಸಾಬ. "ಬಿಸಲ ಏರಾಕತ್ತೈತಿ."

"ಬಣ್ಣ ಹೊರಗ ಮಾಡ್ರಿ," ಎಂದ ಹಸನಸಾಬ. "ಅವನ ಕಡೆ ಬರೇ ಬಟ್ಟಿ ಇರ್ಲಿ."

ಕಟ್ಟುವಾಗ ಬಟ್ಟೆ ತಗಡಿನಂತೆ ಬಿರುಸಾಗಿ ಅಂಗೈಗೆ ತಾಗಿತು. ಹಸನಸಾಬನ ಕೈ ಅಲ್ಲೇ ನಿಂತಿತು. ಇದು ಆ ಬಟ್ಟೆ, ಅಡಿಯಲ್ಲಿ ಎಣ್ಣೆಬಣ್ಣ ಕುಡಿದದ್ದು.

* * *

ಎಪ್ಪತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಗುಡುಸಾಬ ಹಾಡಿಕೊಳ್ಳುತ್ತ ಬರೆಯುತ್ತಿದ್ದ. ಅರಮನೆ ಏಳಬೇಕಾದ ಬಟ್ಟೆಯ ಮೇಲೆ ಮಮದಾಪುರದ ಕೆರೆ ಎದ್ದಿತ್ತು. ಅಂಗಡಿ ಬೋರ್ಡಿನ ಎಣ್ಣೆಬಣ್ಣದಲ್ಲೇ ಬರೆದಿದ್ದ, ಅಳಿಯಬಾರದೆಂದು.

ಶಾಂತಪ್ಪ ನೋಡಿ ನಕ್ಕ. "ಲೇ, ಕೆರಿ ನಾಟಕ ನೋಡಾವ್ರ ಊರಾಗೇ ಐತಿ. ಜನಾ ಅರಮನಿ ನೋಡಾಕ ಬರ್ತಾರ. ಬಿಳೇ ಬಣ್ಣ ಹೊಡಿ."

ಗುಡುಸಾಬ ಅಂಟು ಕಾಸಿ ಬಿಳಿ ಕಲಸಿದ. ಅದನ್ನು ಕೆರೆಗೆ ಹೊಡೆದು, ಮೇಲೆ ಎಂದಿನ ಅಂಟಿನ ಬಣ್ಣದಲ್ಲಿ ಮೊದಲ ಕಂಬ ಎಬ್ಬಿಸಿದ. ಅಂಟಿನ ಬಣ್ಣ ಬಿಸಿನೀರಿಗೆ ನಿಲ್ಲುವುದಿಲ್ಲ. ಅದು ಇಬ್ಬರು ಪೇಂಟರರಿಗೂ ಗೊತ್ತಿತ್ತು. ಗುಡುಸಾಬ ಆಕಳಿಸಿದ.

* * *

ಕಫನ್ ಹೊದಿಸಿ ಜನಾಜಾ ಮರೆಯಿಂದ ಹೊರಗೆ ತಂದರು.

"ಇನ್ನ ಪರದೆ ಬಿಚ್ರಿ," ಎಂದ ಶಾಂತಪ್ಪ. "ಗಾಡಿ ಕಾಯಾಕತ್ತೈತಿ."

ಒಲೆಯ ಮೇಲೆ ಇನ್ನೂ ಅರ್ಧ ಹಂಡೆ ನೀರು ಕುದಿಯುತ್ತಿತ್ತು. ಹಸನಸಾಬ ಕೊಡ ಅದ್ದಿ ಅರಮನೆಯ ಮೇಲೆ ಎರಚಿದ. ಮತ್ತೊಂದು ಕೊಡ. ಹೆಗಲ ಟಾವೆಲ್ಲಿನಿಂದ ತಿಕ್ಕಿದ.

"ಹುಚ್ಚ ಹಿಡೀತೇನಲೇ? ನಿಡೋಣಿಯವ್ರಿಗೆ ಏನಂತ ಹೇಳ್ಲಿ?"

"ಕೆರಿ ಐತಿ ಅಂತ ಹೇಳ್ರಿ."

ಕಂಬಗಳು ಗುಲಾಬಿ ನೀರಾಗಿ ಇಳಿದು ಶಾಂತಪ್ಪನ ಚಪ್ಪಲಿಗೆ ಹರಿದವು. ಅವುಗಳ ಹಿಂದಿನಿಂದ ನೀಲಿ ನೀರು ಬಂತು, ಕಲ್ಲಿನ ಮೆಟ್ಟಿಲು ಬಂದವು, ಉದ್ದಕ್ಕೆ ಮಣ್ಣಿನ ಒಡ್ಡು ಬಂತು. ಹೊಸ್ತಿಲಲ್ಲಿ ನಿಂತಿದ್ದ ದಾವಲಬಿಗೆ, ಹೆಗಲೇರಿ ಪರದೆಯ ಮುಂದೆ ಹಾಯ್ದ ಗಂಡನ ಜನಾಜಾ ಆ ಒಡ್ಡಿನಗುಂಟ ಹೋಗುವುದು ಕಂಡಿತು.