ಇಡ್ವಲ್ ಮನೆಗೆ ಮೀಟರಿನವಳು ಬಂದ ದಿನ

ಗ್ಯಾಸ್ ಕಂಪನಿಯಿಂದ ಮೂರನೇ ಕಾಗದ ಬಂದಾಗ ಇಡ್ವಲ್ ಪ್ರೋಬರ್ಟ್ ಅದನ್ನು ಓದದೆ ಮಡಚಿ ಚಹಾ ಡಬ್ಬಿಯ ಹಿಂದೆ ತುರುಕಿದ. ಮೊದಲಿನ ಎರಡೂ ಅಲ್ಲೇ ಇದ್ದವು. ಜೊತೆಗೆ ಬೀದಿಯ ಕೆಳಗಿನ ಗ್ಯಾಸ್ ಕೊಳವೆ ಬದಲಿಸುವವರು ಕಳಿಸಿದ ಕಾಗದವೂ ಇತ್ತು. ಯಾವುದು ಯಾರದೆಂದು ಅವನಿಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ವೇಲ್ಸ್‌ನ ನಮ್ಮ ಕಣಿವೆಯಲ್ಲಿ ಇಂಥ ಕಾಗದ ಎಲ್ಲರ ಮನೆಗೂ ಬರುತ್ತದೆ. ಒಬ್ಬರು ಓದುತ್ತಾರೆ, ಹತ್ತು ಮಂದಿ ಅದರ ಬೆನ್ನಿಗೆ ಸಾಮಾನಿನ ಪಟ್ಟಿ ಬರೆಯುತ್ತಾರೆ. ಆದರೆ ಇಡ್ವಲ್ ಅಂಥವನಲ್ಲ. ಮೂವತ್ತೆರಡು ವರ್ಷ ಅಂಚೆ ಹಂಚಿದವನು, ಕಾಗದಕ್ಕೆ ಮರ್ಯಾದೆ ಕೊಟ್ಟು ಬಾಳಿದವನು.

ಶನಿವಾರ ಅವನ ಹೆಂಡತಿ ಮೆನ್ನಾ ಡಬ್ಬಿ ತೆಗೆಯಲು ಹೋದಾಗ ನಾಲ್ಕೂ ಕಾಗದ ಅವಳ ಕಾಲ ಬುಡಕ್ಕೆ ಬಿದ್ದವು. ಪಕ್ಕದ ಮನೆಯ ಡಿಲಿಸ್ ಅಲ್ಲೇ ಕೂತು ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಡಿಲಿಸ್ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಈಗ ಪ್ರಾರ್ಥನಾ ಮಂದಿರದ ಹೊಲಿಗೆ ಗುಂಪಿಗೆ ಯಜಮಾನಿ.

"ಏನಿದು ಇಡ್ವಲ್?" ಎಂದಳು ಮೆನ್ನಾ.

"ಮೀಟರ್ ಬದಲಾಯಿಸ್ತಾರಂತೆ. ಮೋಸ ಇರ್ಬೇಕು. ಇರೋ ಮೀಟರ್ ಚೆನ್ನಾಗೇ ತಿರುಗ್ತಾ ಇದೆ."

ಡಿಲಿಸ್ ಕನ್ನಡಕ ಏರಿಸಿ ನಾಲ್ಕನ್ನೂ ಓದಿದಳು. "ಮೋಸ ಅಲ್ಲ ಮಾರಾಯ. ಮೀಟರಿಗೂ ವಯಸ್ಸಾಗುತ್ತೆ. ಆಮೇಲೆ ಅದು ಹೇಳೋ ಲೆಕ್ಕ ನಂಬೋ ಹಾಗಿಲ್ಲ. ಬದಲಾಯಿಸೋದು ಅವರ ಕೆಲಸ. ಪುಕ್ಕಟೆ ಅಂತ ಇಲ್ಲೇ ಬರೆದಿದೆ."

"ಹಾಗಾದ್ರೆ ಬೀದಿ ಅಗೆಯೋರು ಯಾರು? ಅವರೂ ಗ್ಯಾಸಿನೋರೇ ಅಂತಾರೆ."

"ಬೀದಿ ಕೆಳಗಿನ ಕೊಳವೆ ಒಬ್ಬರದು. ಮನೆಗೆ ಬಿಲ್ ಕಳಿಸೋರು ಇನ್ನೊಬ್ಬರು. ನಿನ್ನ ಮೀಟರ್ ವಿಷಯ ಬಿಲ್ ಕಳಿಸೋರಿಗೆ ಸೇರಿದ್ದು."

"ನನ್ನ ಕಾಲದಲ್ಲಿ ಎಲ್ಲದಕ್ಕೂ ಒಬ್ಬನೇ ಬರ್ತಿದ್ದ."

"ನಿನ್ನ ಕಾಲದಲ್ಲಿ ಕಾಗದಗಳು ಸೇರಬೇಕಾದ ಕಡೆ ಸೇರ್ತಿದ್ವು. ಚಹಾ ಡಬ್ಬಿ ಹಿಂದೆ ಹೋಗ್ತಿರ್ಲಿಲ್ಲ."

ಮೆನ್ನಾ ನಕ್ಕಳು. ಇಡ್ವಲ್ ನಗಲಿಲ್ಲ.

"ಯಾರೂ ಬರೋದು ಬೇಡ," ಎಂದು ಎದ್ದು ಮುಂದಿನ ಕೋಣೆಗೆ ಹೋಗಿ ಕೋಣೆ ಬೆಚ್ಚಗಿಡುವ ಗ್ಯಾಸ್ ಬೆಂಕಿಗೂಡಿನ ಎದುರು ಕೂತ.

ಡಿಲಿಸ್ ಅವನ ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಹಿಂದಿನ ಭಾನುವಾರ ಮಂದಿರದಲ್ಲಿ ನಡೆದದ್ದನ್ನು ಅವಳೂ ಕಂಡಿದ್ದಳು, ನಾವೆಲ್ಲರೂ ಕಂಡಿದ್ದೆವು. ನಮ್ಮಲ್ಲಿ ಒಬ್ಬೊಬ್ಬರಾಗಿ ಎದ್ದು ಒಂದೊಂದು ಬೈಬಲ್ ವಚನ ಬಾಯಿಪಾಠ ಹೇಳುವ ರೂಢಿ. ಇಡ್ವಲ್ ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಒಂದು ವಾರವೂ ತಡವರಿಸಿದವನಲ್ಲ. ಆ ದಿನ ಎದ್ದು ನಿಂತ, ಮೂರು ಪದ ಹೇಳಿದ. ಮುಂದಿನದು ಬರಲಿಲ್ಲ. ಬೋಧಕರು ಮೆಲ್ಲಗೆ ಎತ್ತಿಕೊಟ್ಟರೂ ಬರಲಿಲ್ಲ. ಸುಮ್ಮನೆ ಕೂತುಬಿಟ್ಟ.

"ನಿಜ ಹೇಳು. ನಿನಗೆ ಹೆದರಿಕೆ ಮೀಟರಿಂದಲ್ಲ," ಎಂದಳು ಡಿಲಿಸ್.

ಅವನು ಬೆಂಕಿಯನ್ನೇ ನೋಡುತ್ತಾ ಹೇಳಿದ: "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಮಾತು ಮರೀತು, ಆಮೇಲೆ ನಮ್ಮನ್ನೇ ಮರೆತಳು. ನನಗೆ ಕೆಲವು ದಿನ ಕೋಣೆಯಿಂದ ಕೋಣೆಗೆ ಬಂದ್ರೆ ಯಾಕೆ ಬಂದೆ ಅಂತ ಗೊತ್ತಾಗಲ್ಲ. ತಲೆ ಸಿಡಿಯುತ್ತೆ. ಆ ಮೀಟರಿನವನು ಬರ್ತಾನೆ, ಏನೋ ಕೇಳ್ತಾನೆ, ನಾನು ತೊದಲ್ತೀನಿ. ಬರ್ಕೊಂಡು ಹೋಗ್ತಾನೆ. ಆಮೇಲೆ ಇನ್ಯಾರೋ ಬರ್ತಾರೆ. ನನ್ನನ್ನ ಎಲ್ಲಿಗೋ ಸೇರಿಸ್ತಾರೆ."

"ಮೀಟರ್ ಬದಲಾಯಿಸೋಕೆ ಬಂದೋರು ನಿನ್ನ ತಲೆ ಬದಲಾಯಿಸಲ್ಲ ಕಣೋ."

"ಮೆನ್ನಾಗೆ ಹೇಳ್ಬೇಡ."

"ಹೇಳಲ್ಲ. ಆದ್ರೆ ನೀನು ಹೇಳ್ಬೇಕು. ಮೀಟರಿನವರು ಬಂದ ದಿನ ನಾನು ಇಲ್ಲೇ ಕೂತಿರ್ತೀನಿ. ಮಾತೆಲ್ಲ ನನ್ನದು."

ಅವನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಡಿಲಿಸ್ ಅದನ್ನೇ ಒಪ್ಪಿಗೆ ಅಂದುಕೊಂಡಳು.

ಸೋಮವಾರ ಮೆನ್ನಾ ಫೋನ್ ಮಾಡಿದಳು. ಕಾಗದದಲ್ಲಿದ್ದ ನಂಬರಿಗಲ್ಲ, ಹಳೆಯ ಬಿಲ್ಲಿನ ಮೇಲಿದ್ದ ನಂಬರಿಗೆ. ಹಾಗೆ ಮಾಡಲು ಡಿಲಿಸ್ ಹೇಳಿದ್ದಳು. ಗುರುವಾರ ಬೆಳಿಗ್ಗೆ ಅಂತ ಗೊತ್ತಾಯಿತು. ಬರುವವರು ಬಾಗಿಲಲ್ಲಿ ಹೇಳಬೇಕಾದ ಒಂದು ಗುಟ್ಟಿನ ಪದವನ್ನೂ ಕಂಪನಿಯವರು ಬರೆದುಕೊಂಡರು. ಮೀಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಅದರ ಮುಂದಿನ ಸಾಮಾನೆಲ್ಲ ಹೊರಗೆಳೆಯಲು ಬುಧವಾರ ಪೂರ್ತಿ ಹಿಡಿಯಿತು: ಇಸ್ತ್ರಿ ಮಣೆ, ಮೂರು ಕೊಡೆ, ಕ್ರಿಸ್ಮಸ್ ಮರ, ಇಡ್ವಲ್‌ನ ಅಂಚೆ ಚೀಲ.

ಗುರುವಾರ ಬಾಗಿಲು ತಟ್ಟಿದ್ದು ಹೆಂಗಸು. ಹೆಸರು ಕೆರಿಸ್, ವಯಸ್ಸು ಮೂವತ್ತರ ಆಸುಪಾಸು.

"ಪದ ಹೇಳಮ್ಮ," ಎಂದಳು ಡಿಲಿಸ್, ಬಾಗಿಲ ಸರಪಳಿ ತೆಗೆಯದೆ.

ಕೆರಿಸ್ ಹೇಳಿದಳು. ಡಿಲಿಸ್ ಅವಳ ಗುರುತಿನ ಚೀಟಿ ಇಸಿದುಕೊಂಡು ಬಾಗಿಲು ಹಾಕಿದಳು. ಮೆನ್ನಾ ಕಂಪನಿಗೆ ಫೋನ್ ಮಾಡಿ ವಿಚಾರಿಸಿ ಮುಗಿಸುವವರೆಗೂ ಕೆರಿಸ್ ತುಂತುರು ಮಳೆಯಲ್ಲಿ ನಿಂತಿದ್ದಳು.

"ಬೇಜಾರು ಮಾಡ್ಕೋಬೇಡ," ಎಂದಳು ಮೆನ್ನಾ ಬಾಗಿಲು ತೆರೆಯುತ್ತಾ.

"ಎಲ್ರೂ ಹೀಗೇ ಮಾಡಿದ್ರೆ ನನಗೆ ಖುಷಿ. ನಮ್ಮಜ್ಜಿ ಮಾತ್ರ ಯಾರು ಬಂದ್ರೂ ಒಳಗೆ ಕರೆದು ಚಹಾ ಕೊಡ್ತಾಳೆ."

ಅವಳು ಹಳೆಯ ಮೀಟರಿನ ಅಂಕಿಯನ್ನು ಬರೆದುಕೊಂಡು, ಮೆನ್ನಾಳಿಗೂ ಒಂದು ಫೋಟೋ ತೆಗೆದಿಟ್ಟುಕೊಳ್ಳಲು ಹೇಳಿದಳು. ಗ್ಯಾಸ್ ಬಂದ್ ಮಾಡಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದಳು. ಸೋರುತ್ತದೆಯೇ ಎಂದು ಪರೀಕ್ಷಿಸಿದಳು. ಸೋರಲಿಲ್ಲ. ಇಡ್ವಲ್ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಅವಳು ಅವನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ದುಡ್ಡೆಷ್ಟು?" ಎಂದ ಕೊನೆಗೆ ತಾನಾಗಿಯೇ.

"ಏನೂ ಇಲ್ಲ ಮಿಸ್ಟರ್ ಪ್ರೋಬರ್ಟ್. ಬಾಗಿಲಲ್ಲಿ ನಿಂತು ದುಡ್ಡು ಕೇಳಿದ್ರೆ ಅವರು ನಮ್ಮೋರಲ್ಲ. ಈಗ ಮನೇಲಿ ಗ್ಯಾಸ್ ಉರಿಯೋದೆಲ್ಲ ಒಂದ್ಸಲ ಹಚ್ಚಿ ನೋಡಿ ಹೊರಡ್ತೀನಿ."

ಅಡುಗೆ ಒಲೆ ನೀಲಿಯಾಗಿ ಹತ್ತಿಕೊಂಡಿತು. ಮುಂದಿನ ಕೋಣೆಯ ಬೆಂಕಿಗೂಡನ್ನು ಹಚ್ಚಿ, ಒಂದು ಹೊಗೆಕಡ್ಡಿ ಹಿಡಿದು ಅದರ ಬಾಯಿಯ ಬಳಿ ಕೂತಳು. ಹೊಗೆ ಚಿಮಣಿಯ ಕಡೆ ಒಳಗೆ ಹೋಗಬೇಕು. ಹೋಗಲಿಲ್ಲ. ಹೊರಳಿ ಅವಳ ಮುಖಕ್ಕೇ ಬಂತು. ಅವಳ ಸೊಂಟದಲ್ಲಿದ್ದ ಪುಟ್ಟ ಯಂತ್ರ ಕೂಗತೊಡಗಿತು.

ಅವಳು ತಕ್ಷಣ ಬೆಂಕಿ ಆರಿಸಿ ಕಿಟಕಿ ತೆರೆದಳು. "ಇದರ ಹಿಂದೆ ನೀರು ಕಾಯಿಸೋ ಗ್ಯಾಸ್ ಬಾಯ್ಲರ್ ಇದೆ. ಅಂದ್ರೆ ಗೋಡೇಲಿ ಗಾಳಿಕಿಂಡಿ ಇರ್ಬೇಕು. ಎಲ್ಲಿ?"

ಇಡ್ವಲ್ ತನ್ನ ಕುರ್ಚಿಯ ಹಿಂದೆ ತೋರಿಸಿದ. ಕಿಂಡಿಯ ಜಾಗದಲ್ಲಿ, ಅದರ ಅಳತೆಗೆ ಸರಿಯಾಗಿ ಹೊಲಿದ ದಪ್ಪ ಉಣ್ಣೆಯ ದಿಂಬೊಂದು ಬಿಗಿಯಾಗಿ ಕೂತಿತ್ತು. ಮೇಲೆ ಹಳದಿ ಹೂವಿನ ಕಸೂತಿ.

"ಡಿಲಿಸ್ ಹೊಲಿದಿದ್ದು. ಹೋದ ವರ್ಷ ಚಳಿ ಶುರುವಾದಾಗ ಕೊಟ್ಟಿದ್ದು. ಒಂಚೂರೂ ಗಾಳಿ ಬರಲ್ಲ," ಎಂದ ಇಡ್ವಲ್ ಹೆಮ್ಮೆಯಿಂದ.

ಡಿಲಿಸ್ ಬಗ್ಗಿ ದಿಂಬನ್ನು ಕಿತ್ತು ತೆಗೆದಳು.

"ಎಲ್ರೂ ಹೊರಗೆ ನಡೀರಿ," ಎಂದಳು ಕೆರಿಸ್.

ಹೊರಗೆ ಕಾಲುದಾರಿಯ ಮೇಲೆ ಕೋಟಿಲ್ಲದೆ ನಿಂತು ಅವರು ಕೆರಿಸ್ ವಿವರಿಸಿದ್ದನ್ನು ಕೇಳಿಸಿಕೊಂಡರು. ಗ್ಯಾಸ್ ಸರಿಯಾಗಿ ಉರಿಯಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಹುಟ್ಟುತ್ತದೆ, ಕೋಣೆಯಲ್ಲೇ ತುಂಬುತ್ತದೆ.

"ವಾಸನೆ ಬಂದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?" ಎಂದ ಇಡ್ವಲ್.

"ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನೀವು ದಿನಾ ಆ ಕುರ್ಚೀಲೇ ಕೂರ್ತೀರಾ? ತಲೆನೋವು ಬರುತ್ತಾ? ಮಂಕು ಕವಿದ ಹಾಗೆ?"

ಅವನು ಹೆದರುತ್ತಿದ್ದ ಪ್ರಶ್ನೆ ಅದೇ. ಮೆನ್ನಾಳನ್ನು ನೋಡಿದ. ಆಮೇಲೆ, "ಬರುತ್ತೆ. ಮರೆವೂ ಇದೆ. ಕ್ರಿಸ್ಮಸ್‌ನಿಂದ," ಎಂದ.

"ಯಾಕೆ ಹೇಳ್ಲಿಲ್ಲ? ನನಗೂ ತಲೆನೋವು ಬರ್ತಿತ್ತು. ಹೊಸ ಕನ್ನಡಕದ್ದು ಅಂದ್ಕೊಂಡಿದ್ದೆ," ಎಂದಳು ಮೆನ್ನಾ.

"ಬೇರೆ ಊರಿಗೆ ಹೋದಾಗ?" ಎಂದು ಕೆರಿಸ್ ಕೇಳಿದಳು.

ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದಾಗ ತಲೆ ಹಗುರವಾಗಿತ್ತು. ಮೊಮ್ಮಗಳ ಜೊತೆ ಚದುರಂಗ ಆಡಿ ಗೆದ್ದಿದ್ದ. ಇಡ್ವಲ್ ಅದನ್ನು ಹೇಳಿದ. ಹೆದರಬೇಕೋ ಸಮಾಧಾನಪಡಬೇಕೋ ಅವನಿಗೆ ತಿಳಿಯಲಿಲ್ಲ.

"ಹಾಗಾದ್ರೆ ನನ್ನ ತಲೆ ಸರಿ ಇದೆಯಾ?"

"ಅದನ್ನ ಡಾಕ್ಟರ್ ಹೇಳ್ಬೇಕು. ನಾನು ಮೀಟರಿನವಳು. ಆದ್ರೆ ಈಗಲೇ ಆಸ್ಪತ್ರೆಗೆ ಹೋಗಿ. ಇಬ್ಬರೂ. ಇಲ್ಲಿ ಆಗಿದ್ದನ್ನೇ ಮೊದಲು ಹೇಳಿ."

ಬೆಂಕಿಗೂಡಿಗೆ ಬಳಸಬೇಡಿ ಎಂಬ ಚೀಟಿ ಕಟ್ಟಿ, ನೋಂದಾಯಿತ ಗ್ಯಾಸ್ ಕೆಲಸಗಾರರು ದುರಸ್ತಿ ಮಾಡುವವರೆಗೂ ಮುಟ್ಟಬೇಡಿ ಎಂದು ಹೇಳಿ ಅವಳು ಹೊರಟಳು. ಆಸ್ಪತ್ರೆಯಲ್ಲಿ ಇಬ್ಬರ ರಕ್ತದಲ್ಲೂ ಆ ವಿಷ ಸಿಕ್ಕಿತು, ಇಡ್ವಲ್‌ನದರಲ್ಲಿ ಹೆಚ್ಚು. ಇನ್ನೊಂದು ಚಳಿಗಾಲ ಆ ಕುರ್ಚಿಯಲ್ಲಿ ಕಳೆದಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೆಲವು ವಾರಗಳಲ್ಲಿ ಅವನ ಮಂಕು ಇಳಿಯಿತು.

ಆದರೆ ಆ ಗುರುವಾರ ಡಿಲಿಸ್ ತನ್ನ ಮನೆಗೆ ಹೋಗಲಿಲ್ಲ. ಹೊಲಿಗೆ ಗುಂಪು ಅಂಥ ದಿಂಬುಗಳನ್ನು ಹದಿನೇಳು ಮಾಡಿತ್ತು. ಒಂದೊಂದರ ಅಳತೆ ತೆಗೆದದ್ದು ಅವಳೇ. ಯಾವ ಮನೆ, ಯಾವ ಗೋಡೆ, ಎಲ್ಲವೂ ನೆನಪಿತ್ತು. ಕೈಚೀಲ ಹಿಡಿದು ಒಂದೊಂದೇ ಬಾಗಿಲು ತಟ್ಟಿದಳು.

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನೇ?" ಎಂದಳು ಮೇಲ್ಬೀದಿಯ ಬ್ಲೋಡ್ವೆನ್. "ಚೆನ್ನಾಗಿಲ್ಲ ಅಂತ ನಾನೇನಾದ್ರೂ ಅಂದ್ನಾ?"

"ತುಂಬ ಚೆನ್ನಾಗಿದೆ. ಅದೇ ತಪ್ಪು. ಕೊಡು, ಆಮೇಲೆ ಬೈಯ್ಯಿ."

ಸಂಜೆಯ ಹೊತ್ತಿಗೆ ಇಡ್ವಲ್‌ನದೂ ಸೇರಿ ಹದಿನಾರು ಸಿಕ್ಕಿದವು. ಹದಿನೇಳನೆಯ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು, ಮಗು ಅಜ್ಜಿಯ ಬಳಿ ಇತ್ತು. ಚಳಿ ಏರುತ್ತಿತ್ತು. ಬಂದವರೇ ಮೊದಲು ಬೆಂಕಿ ಹಚ್ಚುತ್ತಾರೆಂದು ಡಿಲಿಸ್‌ಗೆ ಗೊತ್ತಿತ್ತು. ಎಪ್ಪತ್ತಮೂರರ ಹೆಂಗಸು ಆ ತಣ್ಣನೆಯ ಹೊಸ್ತಿಲ ಮೇಲೆ ಕೂತಳು. ಅವರು ಮಗುವನ್ನೆತ್ತಿಕೊಂಡು ಬರುವವರೆಗೂ ಏಳಲಿಲ್ಲ.

ಓದುವವರೇ, ಕೇಳುವವರೇ, ಮೀಟರ್ ಬದಲಿಸುತ್ತೇವೆಂಬ ಕಾಗದ ನಿಮ್ಮ ಮನೆಗೂ ಬಂದಿದ್ದರೆ ಅದನ್ನು ಈಗಲೇ ಹುಡುಕಿ ತೆಗೆಯಿರಿ. ಅರ್ಥವಾಗದಿದ್ದರೆ ಓದಬಲ್ಲವರಿಗೆ ತೋರಿಸಿ; ಗೊತ್ತಿಲ್ಲ ಎನ್ನಲು ನಾಚಬೇಡಿ. ನಿಮ್ಮ ಬಿಲ್ಲಿನ ಮೇಲಿನ ನಂಬರಿಗೇ ಫೋನ್ ಮಾಡಿ. ಬಂದವರ ಗುರುತು ಖಚಿತವಾದ ಮೇಲೆ ಒಳಗೆ ಬಿಡಿ, ಅವರು ಒಲೆ, ಬೆಂಕಿಗೂಡು ಎಲ್ಲವನ್ನೂ ಹಚ್ಚಿ ನೋಡಿ ಮುಗಿಸುವವರೆಗೂ ಜೊತೆಗಿರಿ. ತಲೆನೋವು, ಮಂಕು ಮನೆಯೊಳಗೆ ಹೆಚ್ಚಾಗಿ ಹೊರಗೆ ಕಡಿಮೆಯಾದರೆ ಮುಚ್ಚಿಡಬೇಡಿ. ವಿಷದ ಗಾಳಿ ಕಂಡರೆ ಕೂಗುವ ಯಂತ್ರವೊಂದನ್ನು ತಂದಿಡಿ.

ಇವತ್ತೇ ಎದ್ದು ಹೋಗಿ ಗೋಡೆಯ ಕಿಂಡಿಗೆ ಕೈ ಹಿಡಿದು ನೋಡಿ. ಬೆರಳಿಗೆ ತಣ್ಣಗೆ ಗಾಳಿ ತಾಗಿದರೆ, ಅದನ್ನು ಹಾಗೇ ಬಿಡಿ. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ.